ಕೈಗುಣದಯ್ಯನ ಕೊನೆಯ ಕುದುರೆ

ದೊಡ್ಡ ಶಿಷ್ಯ ಕಂದಿ ಕುದುರೆಯ ಜೂಲು ಬಾಚಿ ಮುಗಿಸಿ ಕಂಬದಿಂದ ಹಗ್ಗ ಬಿಚ್ಚುತ್ತಿದ್ದಾಗ, ಸತ್ತ ಕೈಗುಣದಯ್ಯನ ಹೆಂಡತಿ ಬಂದು ಲಾಯದ ಬಾಗಿಲಿಗೆ ಅಡ್ಡ ನಿಂತಳು. ಹೆಣದ ತಲೆದೆಸೆಯಲ್ಲಿ ಕೂತಿರಬೇಕಾದ ಹೆಂಗಸು. ನಡುಮನೆಯಲ್ಲಿ ಗಂಡನನ್ನು ಮಲಗಿಸಿ ಊರಿನ ಕುದುರೆಯವರೆಲ್ಲ ಸುತ್ತ ನೆರೆದಿದ್ದರೆ, ಇವಳು ಎಡಗಾಲು ಎಳೆಯುತ್ತ, ಗೋಡೆ ಹಿಡಿದುಕೊಂಡು ಹಿತ್ತಲಿಗೆ ಬಂದಿದ್ದಳು.

“ಹಗ್ಗ ಬಿಚ್ಚಬೇಡಿ. ಕಂದಿ ಎಲ್ಲಿಗೂ ಬರಲ್ಲ,” ಅಂದಳು.

ದೊಡ್ಡ ಶಿಷ್ಯ ಕೆಟ್ಟವನಲ್ಲ. ಮೊದಲು ಜವಳಿ ಅಂಗಡಿ ಇಟ್ಟಿದ್ದವನು. ಅದನ್ನು ತಮ್ಮನಿಗೆ ಒಪ್ಪಿಸಿ, ಕುದುರೆ ವೈದ್ಯ ಕಲಿಯುತ್ತೇನೆಂದು ಬಂದು ಈ ಹಿತ್ತಲಿನಲ್ಲೇ ತಳವೂರಿದ್ದ. ಅಂಗಡಿ ಬಿಟ್ಟರೂ ಅಂಗಡಿಯ ನಯ ಬಿಟ್ಟಿರಲಿಲ್ಲ. ಗುರುಗಳ ಹೆಣದ ಹಿಂದೆ ಗುರುಗಳು ವಾಸಿ ಮಾಡಿದ ಕೊನೆಯ ಕುದುರೆ ನಡೆದುಕೊಂಡು ಬರಬೇಕು, ಸೂಜಿ ಚುಚ್ಚುವ ಡಾಕ್ಟರುಗಳೆಲ್ಲ ಅದನ್ನು ಕಣ್ಣಾರೆ ನೋಡಬೇಕು ಅಂತ ಶಿಷ್ಯರೆಲ್ಲ ಕೂತು ನಿಶ್ಚಯಿಸಿದ್ದಾರೆ ಎಂದು ಮೆಲ್ಲಗೆ ವಿವರಿಸಿದ.

“ವಾಸಿ ಎಲ್ಲಾಯ್ತು? ಅದು ನಿಂತಿರೋದು ನೋಡಿ,” ಅಂದಳು.

ಕಂದಿ ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಮೈಯ ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ ನಿಂತಿತ್ತು. ಕಂದು ಬಣ್ಣದ ಹೆಣ್ಣು ಕುದುರೆ. ಸವಾರಿ ಶಾಲೆಯವರು ಇನ್ನು ಇದು ಕೆಲಸಕ್ಕೆ ಬಾರದು ಅಂತ ತಂದು ಬಿಟ್ಟುಹೋಗಿದ್ದರು. ಮುಂಗಾಲಿನ ಎರಡೂ ಗೊರಸುಗಳ ಒಳಗೆ ಬಾವು. ಉಗುರಿನ ಕೆಳಗೆ ಕೀವು ಕಟ್ಟಿದರೆ ನಮಗೆ ಹೇಗಾಗುತ್ತದೆ ಅಂತ ಗೊತ್ತಲ್ಲ. ಆ ಉಗುರಿನ ಮೇಲೆಯೇ ಇಡೀ ಮೈಯನ್ನು ಹೊತ್ತು ಹಗಲೂ ರಾತ್ರಿ ನಿಲ್ಲುವುದೆಂದರೆ ಏನು ಅಂತ ಯೋಚಿಸಿಕೊಳ್ಳಬೇಕು.

ದೊಡ್ಡ ಶಿಷ್ಯ ವಾದ ಮಾಡಲಿಲ್ಲ. ಗುರು ಮಾಡುತ್ತಿದ್ದ ಹಾಗೆಯೇ ಎರಡೂ ಅಂಗೈ ಉಜ್ಜಿ ಬಿಸಿ ಮಾಡಿಕೊಂಡು ಕಂದಿಯ ಹೆಗಲಿನ ಮೇಲಿಟ್ಟು ಒತ್ತಿದ. ಕಂದಿ ತಲೆ ತಗ್ಗಿಸಿತು. ಕಣ್ಣು ಅರೆ ಮುಚ್ಚಿತು. ತುಟಿ ಚಪ್ಪರಿಸಿ, ಉದ್ದಕ್ಕೆ ಒಂದು ನಿಟ್ಟುಸಿರು ಬಿಟ್ಟಿತು.

“ನೋಡಿದ್ರಾ ಅಮ್ಮ? ನೋವು ಬಿಟ್ಲು,” ಅಂದ. ಅವನ ಕಣ್ಣಲ್ಲಿ ನೀರು ನಿಂತಿತ್ತು.

ಅವಳು ಅವನ ಕೈಯಿಂದ ಹಗ್ಗ ಕಿತ್ತುಕೊಂಡು ತಾನೇ ಕಂಬಕ್ಕೆ ಸುತ್ತಿದಳು. ಮಧ್ಯಾಹ್ನದ ತನಕ ಇದನ್ನು ಯಾರೂ ಮುಟ್ಟದ ಹಾಗೆ ನೋಡಿಕೊಂಡರೆ ಸಾಕು ಅನ್ನುವುದೊಂದೇ ಅವಳ ತಲೆಯಲ್ಲಿದ್ದದ್ದು. ಅಷ್ಟರೊಳಗೆ ದನದ ಡಾಕ್ಟರು ಬರುತ್ತೇನೆ ಅಂದಿದ್ದರು.

*

ಕೈಗುಣದಯ್ಯನಿಗೆ ಕೈಗುಣ ಇರಲಿಲ್ಲ ಅಂದರೆ ಹೇಳಿದವರ ನಾಲಿಗೆ ಬಿದ್ದುಹೋದೀತು. ಹೊಟ್ಟೆ ಬಿಗಿದು ಉರುಳಾಡುವ ಕುದುರೆಯನ್ನು ಎಬ್ಬಿಸಿ, ಬಿಸಿನೀರಿನ ಬಟ್ಟೆ ಹಾಕಿ, ಹೆಜ್ಜೆ ಹೆಜ್ಜೆಯಾಗಿ ಅಡ್ಡಾಡಿಸಿ ಎಷ್ಟೋ ಸಲ ಉಳಿಸಿದ್ದ. ಉಳುಕಿಗೆ ಅವನು ಹಾಕುವ ಜೇಡಿಮಣ್ಣಿನ ಪಟ್ಟಿಗೆ ಜನ ದೂರದೂರದಿಂದ ಬರುತ್ತಿದ್ದರು. ಹೊಡೆತ ತಿಂದು ತಿಂದು ಹತ್ತಿರ ಬಂದವರನ್ನೆಲ್ಲ ಕಚ್ಚುತ್ತಿದ್ದ ಕುದುರೆಗಳು ಅವನ ಮುಂದೆ ತೆಪ್ಪಗಿರುತ್ತಿದ್ದವು. ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಹೊಗಳಿಕೆ ಹೊಟ್ಟೆಗೆ ಹೋದ ಮೇಲೆ ನಿಲ್ಲುವವರು ಯಾರು?

ನೋವೆಂಬುದು ಒಂದು ಗಂಟು ಅಂತ ಅವನ ಸಿದ್ಧಾಂತ. ಗಂಟು ಎಲ್ಲಿದೆಯೋ ಹುಡುಕಿ ಒತ್ತಬೇಕು, ಒತ್ತುತ್ತಲೇ ಇರಬೇಕು. ಪ್ರಾಣಿ ತಲೆ ತಗ್ಗಿಸಿ, ತುಟಿ ಚಪ್ಪರಿಸಿ, ನಿಟ್ಟುಸಿರು ಬಿಟ್ಟರೆ ಗಂಟು ಬಿಚ್ಚಿತು ಅಂತ ಅರ್ಥ. ಆಗ ಕೈ ತೆಗೆಯಬೇಕು. ಶಿಷ್ಯರಿಗೆ ಅವನು ಕಲಿಸಿದ್ದೂ ಇದನ್ನೇ, ಸುತ್ತಲ ಊರಿನ ಕುದುರೆಗಳು ಅವನಿಂದ ಕಲಿತದ್ದೂ ಇದನ್ನೇ. ನಿಟ್ಟುಸಿರು ಬಿಟ್ಟರೆ ಈ ಮನುಷ್ಯ ಕೈ ತೆಗೆಯುತ್ತಾನೆ ಅಂತ.

ಇದನ್ನು ಅವನ ಹೆಂಡತಿ ಕಂಡುಕೊಂಡದ್ದು ಅಡುಗೆಮನೆಯ ಕಿಟಕಿಯಿಂದ. ಬೆನ್ನುನೋವಿನ ಒಂದು ಬಿಳಿ ಕುದುರೆ ಬರುತ್ತಿತ್ತು. ಮೊದಮೊದಲು ಅವನು ಒತ್ತಿದಾಗ ಚರ್ಮ ಅದುರಿಸುತ್ತಿದ್ದದ್ದು, ಆಮೇಲಾಮೇಲೆ ಅವನು ಹಿತ್ತಲಿಗೆ ಕಾಲಿಡುತ್ತಿದ್ದಂತೆ, ಕೈ ಇಡುವ ಮೊದಲೇ, ತಲೆ ತಗ್ಗಿಸಿ ತುಟಿ ಚಪ್ಪರಿಸಿ ಉಸಿರು ಬಿಡತೊಡಗಿತು. ಅವಳಿಗೆ ನಗು ತಡೆಯಲಿಲ್ಲ. ರಾತ್ರಿ ಊಟಕ್ಕೆ ಕೂತಾಗ, ನಿಮ್ಮ ಕುದುರೆ ನಿಮಗೇ ಟೋಪಿ ಹಾಕುತ್ತಿದೆ ಅಂತ ಹೇಳಿಯೂ ಬಿಟ್ಟಳು. ಅವನು ನಗಲಿಲ್ಲ. ತನ್ನ ನೆರಳು ಬಿದ್ದರೂ ಗುಣ ಕಾಣತೊಡಗಿದೆ, ಅಡುಗೆಮನೆಯಲ್ಲಿ ನಿಂತವರಿಗೆ ಅದೆಲ್ಲ ತಿಳಿಯುವುದಿಲ್ಲ ಅಂದ. ಅದನ್ನೇ ಮರುದಿನ ಶಿಷ್ಯರಿಗೂ ಹೇಳಿದ.

ಮುಂದೆ ಒಂದು ದಿನ ಅವಳು ಲಾಯದ ಒದ್ದೆ ಕಲ್ಲಿನ ಮೇಲೆ ಜಾರಿ ಬಿದ್ದಳು. ಎಡ ಸೊಂಟ ನೆಲಕ್ಕೆ ಬಡಿಯಿತು. ಆಸ್ಪತ್ರೆಗೆ ಹೋಗೋಣ ಅಂದದ್ದಕ್ಕೆ ಅವನು ಮುಖ ಸಣ್ಣದು ಮಾಡಿದ. ಕೈಗುಣದಯ್ಯನ ಹೆಂಡತಿಯೇ ಆಸ್ಪತ್ರೆಯ ಮೆಟ್ಟಿಲು ಹತ್ತಿದರೆ ಹೊರಗಿನವರು ಯಾಕೆ ತನ್ನ ಹತ್ತಿರ ಬರಬೇಕು? ಜೇಡಿಮಣ್ಣು ಕಟ್ಟಿದ. ಸಂಜೆ ಸಂಜೆ ಮಂಚದ ಮೇಲೆ ಬೋರಲು ಮಲಗಿಸಿ ಹೆಬ್ಬೆರಳಿನಿಂದ ಒತ್ತಿದ. ಒತ್ತಿದಲ್ಲಿ ಮೂಳೆಗೆ ಮೂಳೆ ತಾಗಿದ ಹಾಗಾಗಿ ಅವಳಿಗೆ ಕಣ್ಣು ಕತ್ತಲಿಡುತ್ತಿತ್ತು. ಅತ್ತರೆ ಗಂಟು ಇನ್ನೂ ಇದೆ ಅಂತ ಇನ್ನಷ್ಟು ಒತ್ತುತ್ತಿದ್ದ. “ಬಿಡು, ಬಿಡು,” ಅನ್ನುತ್ತಿದ್ದ, ಅವಳೇ ಏನನ್ನೋ ಬಿಗಿಯಾಗಿ ಹಿಡಿದುಕೊಂಡವಳ ಹಾಗೆ.

ಒಂದು ಸಂಜೆ ತಲೆದಿಂಬಿಗೆ ಮುಖ ಒತ್ತಿಕೊಂಡಿದ್ದಾಗ ಅವಳಿಗೆ ಆ ಬಿಳಿ ಕುದುರೆಯ ನೆನಪಾಯಿತು. ಮೈ ಸಡಿಲ ಬಿಟ್ಟಳು. ತುಟಿ ಸವರಿಕೊಂಡು ಉದ್ದಕ್ಕೆ ಉಸಿರು ಬಿಟ್ಟಳು. ಅವನು ತಟ್ಟನೆ ಕೈ ತೆಗೆದ.

“ಬಿಟ್ಟಿತು,” ಅಂದು ಕೈ ತೊಳೆಯಲು ಹೋದ.

ಅಂದಿನಿಂದ ಅವಳು ವಾಸಿಯಾದವಳು. ಬಂದವರ ಮುಂದೆಲ್ಲ ಅವನು, ಬೇಕಾದರೆ ನನ್ನ ಹೆಂಡತಿಯನ್ನೇ ಕೇಳಿ ಅನ್ನುವನು. ಬಂದವರು ಕೇಳುವರು. ಅವಳು ಒಲೆಯ ಮುಂದಿನಿಂದಲೇ, ಈಗ ಪರವಾಗಿಲ್ಲ ಅನ್ನುವಳು. ಕುಂಟುವುದು ವಯಸ್ಸಿನಿಂದ ಅಂತ ಎಲ್ಲರೂ ಒಪ್ಪಿಕೊಂಡರು.

*

ನಡುಮನೆಯಲ್ಲಿ ಅವನ ಕೈಗಳದ್ದೇ ಮಾತು. ಬಂದವರೆಲ್ಲ ಎದೆಯ ಮೇಲೆ ಜೋಡಿಸಿಟ್ಟ ಆ ಕೈಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಇಂಥ ಕೈ ಇನ್ನು ಹುಟ್ಟುವುದಿಲ್ಲ ಅಂದವರೊಬ್ಬರು. ಸಾಯುವಾಗಲೂ ನಗುಮುಖ, ಅದೇ ಪುಣ್ಯ ಅಂದವರು ಇನ್ನೊಬ್ಬರು. ಅದು ನಗುಮುಖವಲ್ಲ, ಬೆಳಿಗ್ಗೆ ಬಾಯಿ ಮುಚ್ಚಿಸಲು ಗದ್ದಕ್ಕೆ ಬಟ್ಟೆ ಕಟ್ಟಿದ್ದು ತಾನು, ಕೊಂಚ ಓರೆಯಾಯಿತು ಅಂತ ಹೆಂಡತಿಗೆ ಗೊತ್ತಿತ್ತು.

ಅವಳ ನಾದಿನಿ, ಸತ್ತವನ ತಂಗಿ, ಪಕ್ಕದಲ್ಲೇ ಕೂತು ಒಂದೇ ಸಮನೆ ಅತ್ತು ಗಂಟಲು ಕಟ್ಟಿಸಿಕೊಂಡಿದ್ದಳು. ಅಣ್ಣನೆಂದರೆ ಅವಳಿಗೆ ಪ್ರಾಣ. ಅತ್ತಿಗೆ ಪದೇ ಪದೇ ಎದ್ದು ಹಿತ್ತಲಿನ ಕಡೆ ಹೋಗುವುದನ್ನು ನೋಡಿ ನೋಡಿ ಅವಳಿಗೆ ಒಳಗೊಳಗೇ ಕುದಿಯುತ್ತಿತ್ತು. ಅಷ್ಟರಲ್ಲಿ ಕಿಟಕಿಯ ಹತ್ತಿರ ಇಟ್ಟಿದ್ದ ಅತ್ತಿಗೆಯ ಫೋನು ಹೊಡೆದುಕೊಂಡಿತು. ದೂರದ ನೆಂಟರಿರಬಹುದು ಅಂತ ನಾದಿನಿಯೇ ಎತ್ತಿಕೊಂಡಳು. ಎತ್ತಿದವಳು ಸುಮ್ಮನೆ ಕೇಳಿದಳು, ಹೂಂ ಅಂದಳು, ಇಟ್ಟಳು. ಆಮೇಲೆ ಅತ್ತಿಗೆಯ ರಟ್ಟೆ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದಳು.

“ದನದ ಡಾಕ್ಟರಂತೆ. ಎಲ್ಲೋ ಹಸು ಕರು ಹಾಕೋದು ಕಷ್ಟ ಆಗಿದೆಯಂತೆ, ತಡ ಆಗತ್ತಂತೆ. ಕುದುರೇನ ನಡೆಸಬೇಡಿ ಅಂದ್ರು. ಯಾವಾಗ ಫೋನ್ ಮಾಡಿದ್ರಿ ಅತ್ತಿಗೆ?”

“ಬೆಳಿಗ್ಗೆ.”

“ನಂಗೆ ಹೇಳೋಕೆ ಮುಂಚೆನೋ, ಆಮೇಲೋ?”

“ಮುಂಚೆ.”

“ಅಣ್ಣನ ಮೈ ಇನ್ನೂ ಬಿಸಿ ಇತ್ತಲ್ಲ ಅತ್ತಿಗೆ,” ಅಂದಳು ನಾದಿನಿ.

“ಇತ್ತು. ಕೈ ಪೂರ್ತಿ ತಣ್ಣಗಾಗಲಿ ಅಂತ ಕಾದೆ. ಆಮೇಲೆ ಮಾಡಿದೆ.”

ನಾದಿನಿ ಅವಳ ರಟ್ಟೆ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಅಣ್ಣ ಹೋದ ದಿನವೇ ಅಣ್ಣನ ಕುದುರೆಗೆ ಸೂಜಿ ಹಾಕಿಸಿ ಕೊಲ್ಲಿಸಿದರೆ ಅವನ ಬಾಳಿಗೇ ಮಣ್ಣು ಹಾಕಿದ ಹಾಗೆ, ತಾನು ಬದುಕಿರುವ ತನಕ ಅದಕ್ಕೆ ಬಿಡುವುದಿಲ್ಲ ಅಂದಳು. ಹೋಗಿ ದೊಡ್ಡ ಶಿಷ್ಯನ ಕಿವಿಯಲ್ಲಿ ಏನೋ ಹೇಳಿದಳು. ಹೆಣ ಎತ್ತುವುದು ಸಂಜೆಗೆ ಅಂತ ಇದ್ದದ್ದು ಮಧ್ಯಾಹ್ನಕ್ಕೇ ಅಂತಾಯಿತು.

*

ಆ ಡಾಕ್ಟರು ಒಮ್ಮೆ ಈ ಹಿತ್ತಲಿಗೆ ಬಂದಿದ್ದರು. ಸವಾರಿ ಶಾಲೆಯವರೇ ಮರುಕ ಹುಟ್ಟಿ ಕಳಿಸಿದ್ದು. ಕಂದಿಯ ಗೊರಸು ಎತ್ತಿ ನೋಡಿ, ಸುತ್ತ ತಟ್ಟಿ ನೋಡಿ, ಒಳಗಿನ ಮೂಳೆ ಕೆಳಕ್ಕೆ ಇಳಿದುಬಿಟ್ಟಿದೆ, ಇನ್ನು ಇದಕ್ಕೆ ದಾರಿ ಇಲ್ಲ, ನರಳಿಸುವುದು ಬೇಡ ಅಂದರು. ಕೈಗುಣದಯ್ಯ ಶಿಷ್ಯರ ಕಡೆ ತಿರುಗಿ, ಇವರಿಗೆ ದಾರಿ ಇಲ್ಲದಲ್ಲಿಂದಲೇ ನಮ್ಮ ದಾರಿ ಶುರು ಅಂದ. ಶಿಷ್ಯರು ನಕ್ಕರು. ಡಾಕ್ಟರು ಹೋಗುವಾಗ ಅಂಗಳದಲ್ಲಿ ಅವಳಿಗೆ ತಮ್ಮ ನಂಬರು ಕೊಟ್ಟು, ಯಜಮಾನರ ಮನಸ್ಸು ಬದಲಾದರೆ ಯಾವ ಹೊತ್ತಿಗಾದರೂ ಕರೆಯಿರಿ ಅಂದಿದ್ದರು.

ಯಜಮಾನರ ಮನಸ್ಸು ಬದಲಾಗುತ್ತಿದ್ದದ್ದು ತಮ್ಮ ಮೈಯ ವಿಷಯಕ್ಕೆ ಮಾತ್ರ. ಒಮ್ಮೆ ದವಡೆ ಹಲ್ಲು ನೋವೆದ್ದಾಗ ಲವಂಗ ಇಟ್ಟುಕೊಂಡ, ಕಷಾಯ ಮುಕ್ಕಳಿಸಿದ, ಆಮೇಲೆ ಯಾರಿಗೂ ಹೇಳದೆ ಪಕ್ಕದ ಊರಿಗೆ ಹೋಗಿ ಹಲ್ಲಿನ ಡಾಕ್ಟರ ಹತ್ತಿರ ಕೀಳಿಸಿಕೊಂಡು ಬಂದ. ಕೆನ್ನೆಯೊಳಗೆ ಹತ್ತಿ. ಮಾತಾಡುವ ಹಾಗಿಲ್ಲ. ಗುರುಗಳು ಮೌನದಲ್ಲಿದ್ದಾರೆ ಅಂತ ಶಿಷ್ಯರಿಗೆ ಹೇಳುವ ಕೆಲಸ ಹೆಂಡತಿಯ ಪಾಲಿಗೆ ಬಂತು. ಅವಳು ಹೇಳಿದಳು. ಶಿಷ್ಯರೂ ಅಂದು ಮೌನ ಮಾಡಿದರು. ಅವನ ಹಲ್ಲಿಗೆ ಸೂಜಿಮದ್ದು, ಅವಳ ಸೊಂಟಕ್ಕೆ ಮಣ್ಣು. ಇದಕ್ಕೆ ಏನನ್ನಬೇಕು?

ಡಾಕ್ಟರು ಬಂದುಹೋದ ಆ ದಿನ ಅವಳು ಊಟ ಬಡಿಸುತ್ತ, ಕಂದಿಯನ್ನು ಬಿಟ್ಟುಕೊಡೋಣ, ಪಾಪ ಅಂದಿದ್ದಳು.

“ನಿನ್ನ ಸೊಂಟ ವಾಸಿಯಾಗಲಿಲ್ವಾ?” ಅಂದ ಅವನು. “ಅದಕ್ಕೂ ಹಾಗೇ ಟೈಮ್ ಹಿಡೀತಲ್ಲ.”

ಅನ್ನದ ಸೌಟು ಅವಳ ಕೈಯಲ್ಲೇ ಉಳಿಯಿತು. ವಾಸಿಯಾಗಿಲ್ಲ ಅಂದರೆ ಇಷ್ಟು ವರ್ಷದ್ದೆಲ್ಲ ಸುಳ್ಳು ಅಂದ ಹಾಗೆ. ಅಷ್ಟು ದೊಡ್ಡ ಸುಳ್ಳನ್ನು ಒಂದು ಊಟದ ಹೊತ್ತಿನಲ್ಲಿ ವಾಪಸು ತೆಗೆದುಕೊಳ್ಳಲು ಅವಳಿಗೆ ಆಗಲಿಲ್ಲ. ಸುಮ್ಮನೆ ಸಾರು ಬಡಿಸಿದಳು. ತನ್ನ ಸುಮ್ಮನಿರುವಿಕೆಯ ಮೇಲೆ ಕಂದಿಯನ್ನು ನಿಲ್ಲಿಸಲಾಗಿದೆ ಅನ್ನುವುದು ಮಾತ್ರ ಆ ಮೇಲೆ ಅವಳ ತಲೆಯಿಂದ ಹೋಗಲೇ ಇಲ್ಲ. ಹಿತ್ತಲಿನಲ್ಲಿ ಅದು ಉಸಿರು ಬಿಟ್ಟಾಗಲೆಲ್ಲ ಅವಳಿಗೆ ಮೈ ಉರಿಯುತ್ತಿತ್ತು.

*

ಹೆಣ ಎತ್ತಿದರು. ಡಾಕ್ಟರು ಬಂದಿರಲಿಲ್ಲ. ಇನ್ನೊಂದು ಗಳಿಗೆ ತಡೆಯಿರಿ ಅಂತ ಅವಳು ಎಲ್ಲರನ್ನೂ ಕೇಳಿದಳು; ಯಾಕೆ ಅಂದರೆ ಹೇಳುವ ಹಾಗಿರಲಿಲ್ಲ, ನಾದಿನಿ ಪಕ್ಕದಲ್ಲೇ ಕಾವಲಿದ್ದಳು. ದೊಡ್ಡ ಶಿಷ್ಯ ಕಂದಿಯನ್ನು ಅಂಗಳಕ್ಕೆ ತಂದ. ಮೆತ್ತನೆಯ ಮಣ್ಣಿನ ಮೇಲೆ ಅದು ಹೇಗೋ ಬಂತು. ಅಂಗಳ ದಾಟಿದರೆ ಮುಂದೆ ಪೂರ್ತಿ ಕಲ್ಲು ಹಾಸಿದ ಬೀದಿ.

ಅವಳು ಗೇಟಿನ ಹತ್ತಿರ ಹೋಗಿ ನಿಂತಳು. ಬಾಳಿನಲ್ಲಿ ಅಷ್ಟು ಜನರ ಮುಂದೆ ಅವಳು ಮಾತಾಡಿದ್ದು ಅದೇ ಮೊದಲು.

“ಕಂದಿಗೆ ನೋವಿದೆ. ಅದು ವಾಸಿಯಾಗಿಲ್ಲ. ನಡೆಸಬೇಡಿ.”

ದೊಡ್ಡ ಶಿಷ್ಯ ಹತ್ತಿರ ಬಂದು, ತಾಯಿಗೆ ಸಮಾಧಾನ ಹೇಳುವ ಮಗನ ದನಿಯಲ್ಲಿ ಕೇಳಿದ.

“ಅಮ್ಮ, ನಿಮಗೂ ಹೀಗೇ ನೋವಿತ್ತು. ಗುರುಗಳ ಕೈಯಲ್ಲಿ ವಾಸಿಯಾಗಲಿಲ್ವಾ?”

ಹೆಣ ಹೊತ್ತವರೂ ತಿರುಗಿ ನೋಡಿದರು.

“ಇಲ್ಲ,” ಅಂದಳು. “ನನಗೆ ಯಾವತ್ತೂ ವಾಸಿಯಾಗಲಿಲ್ಲ. ಅವರು ಕೈ ತೆಗೀಲಿ ಅಂತ ಉಸಿರು ಬಿಡ್ತಿದ್ದೆ. ಇದೂ ಅಷ್ಟೇ.”

ಹೇಳಿಯಾಯಿತು. ಇಷ್ಟು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದನ್ನು ಹೆಣದ ಮುಂದೆ ಹೇಳಿಬಿಟ್ಟಿದ್ದಳು. ಆಕಾಶ ಕಳಚಿ ಬೀಳಬಹುದು ಅಂದುಕೊಂಡಿದ್ದಳೋ ಏನೋ. ಯಾರೂ ಸಿಟ್ಟಾಗಲಿಲ್ಲ, ಯಾರೂ ಬೆಚ್ಚಲಿಲ್ಲ. ನಾದಿನಿ ಅವಳ ಭುಜದ ಮೇಲೆ ಕೈಯಿಟ್ಟು, ದುಃಖಕ್ಕೆ ಬುದ್ಧಿ ಎಲ್ಲೋ ಹೋಗಿದೆ, ಯಾರೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಜನ ಹೌದೌದು ಎಂದು ತಲೆಯಾಡಿಸಿದರು. ಪಾಪ ಅಂದರು. ಮೆರವಣಿಗೆ ಅವಳನ್ನು ಒಂದು ಪಕ್ಕಕ್ಕೆ ಸರಿಸಿಕೊಂಡು ಹೊರಟಿತು.

ಕಂದಿ ಕಲ್ಲಿನ ಮೇಲೆ ಗೊರಸಿಟ್ಟಿತು. ಇಟ್ಟದ್ದನ್ನು ತಕ್ಷಣ ಎತ್ತಿತು. ಹಿಂದಿನಿಂದ ಇಬ್ಬರು ಶಿಷ್ಯರು ಪ್ರೀತಿಯಿಂದಲೇ ತಳ್ಳಿದರು. ಬಿಸಿ ಹಂಚಿನ ಮೇಲೆ ನಡೆಯುವ ಹಾಗೆ ಅದು ಒಂದೊಂದೇ ಹೆಜ್ಜೆ ಹಾಕಿತು. ಬೀದಿಯ ಮೂಲೆಯಲ್ಲಿ ಸೈಕಲ್ ರಿಪೇರಿ ಅಂಗಡಿಯ ಮುಂದೆ ನಿಂತಿತು, ನಡುಗಿತು, ಮುಂಗಾಲು ಮಡಚಿ ಮಂಡಿಯೂರಿ, ಹಾಗೆಯೇ ಒಂದು ಮಗ್ಗುಲಿಗೆ ಒರಗಿಬಿಟ್ಟಿತು.

ಗುರುಗಳಿಗೆ ನಮಸ್ಕಾರ ಮಾಡುತ್ತಿದೆ ಅಂತ ಯಾರೋ ಅಂದರು. ಆ ಮಾತು ಮೆರವಣಿಗೆಯ ಈ ತುದಿಯಿಂದ ಆ ತುದಿಗೆ ಹೋಯಿತು. ಗಂಡಸರೆಲ್ಲ ಕಣ್ಣೊರೆಸಿಕೊಂಡರು. ಕೆಲವರು ಫೋನು ತೆಗೆದು ಫೋಟೋ ಹಿಡಿದುಕೊಂಡರು. ಅಷ್ಟಾದ ಮೇಲೆ, ಹೆಣಕ್ಕೆ ಹೊತ್ತಾಗುತ್ತದೆ ಅಂತ ಮುಂದಕ್ಕೆ ಹೋದರು. ನಾದಿನಿಯೂ ಅಳುತ್ತ ಅಣ್ಣನ ಹಿಂದೆ ಹೋದಳು.

ಅವಳು ಹೋಗಲಿಲ್ಲ. ಕಲ್ಲಿನ ಮೇಲೆ ಕೂತು ಕಂದಿಯ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಅದರ ಕೆನ್ನೆ ಬೆವರಿನಿಂದ ಒದ್ದೆಯಾಗಿತ್ತು. ಅವಳು ಎಲ್ಲಿಯೂ ಒತ್ತಲಿಲ್ಲ, ನೊಣ ಮಾತ್ರ ಓಡಿಸುತ್ತಿದ್ದಳು.

ಡಾಕ್ಟರು ಬಂದಾಗ ಬೀದಿ ಖಾಲಿಯಾಗಿತ್ತು. ಅವರ ಅಂಗಿಗೆ ಇನ್ನೂ ಆ ಹಸುವಿನ ರಕ್ತ ಅಂಟಿತ್ತು. ಕುದುರೆಯನ್ನು ನೋಡಿದರು, ಅದು ಬಂದ ದಾರಿಯನ್ನು ನೋಡಿದರು. ಬೈಯುವವರಿದ್ದರು, ಬೈಯಲಿಲ್ಲ.

“ಯಜಮಾನರನ್ನ ಒಂದು ಮಾತು ಕೇಳಬೇಕಲ್ಲಮ್ಮ,” ಅಂದರು.

“ಅವರನ್ನ ಈಗ ತಾನೆ ಹೊತ್ಕೊಂಡು ಹೋದ್ರು. ಯಜಮಾನಿ ನಾನೇ. ಹಾಕಿ.”

ಹಾಕಿದರು. ಕಂದಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ತೊಡೆಯ ಮೇಲಿನ ತಲೆ ಭಾರವಾಯಿತು, ಅಷ್ಟೆ. ಲಾರಿಗೆ ಹೇಳಬೇಕು ಅಂತ ಡಾಕ್ಟರು ಫೋನು ಹಿಡಿದು ಅತ್ತ ಹೋದರು. ಅವಳು ಕೂತೇ ಇದ್ದಳು. ಕಾಲು ಯಾವಾಗ ಮರಗಟ್ಟಿತೋ ತಿಳಿಯಲಿಲ್ಲ. ಡಾಕ್ಟರು ವಾಪಸು ಬಂದು, ಕುದುರೆಯ ತಲೆಯನ್ನು ಎತ್ತಿ ಪಕ್ಕಕ್ಕಿಟ್ಟು, ಏಳಿ ಅಂತ ಕೈ ಕೊಟ್ಟರು. ಅವಳು ಏಳಲು ನೋಡಿ, ಸೊಂಟ ಹಿಡಿದು ಮತ್ತೆ ಕುಸಿದಳು.

“ಎಷ್ಟು ದಿನದಿಂದ ಈ ನೋವು?” ಅಂದರು ಡಾಕ್ಟರು.

ಹಾಗೆ ಅವಳನ್ನು ಯಾರೂ ಕೇಳಿರಲಿಲ್ಲ. ಉತ್ತರ ಹೇಳಲು ಬಾಯಿ ತೆರೆದಳು. ಬಂದದ್ದು ಮಾತಲ್ಲ, ಕೂಗು. ಸೊಂಟದಿಂದ ಎದ್ದು ಬಂದ ದೊಡ್ಡ ಕೂಗು. ಒಂದು ಮುಗಿಯುವ ಮೊದಲೇ ಇನ್ನೊಂದು. ಸೈಕಲ್ ಅಂಗಡಿಯವನು ಕೆಲಸ ಬಿಟ್ಟು ಎದ್ದು ನಿಂತ.

ಮಣ್ಣು ಮಾಡಿ ಹಿಂದಿರುಗುತ್ತಿದ್ದವರಿಗೆ ಅದು ಬೀದಿಯ ಆ ಕೊನೆಯಿಂದಲೇ ಕೇಳಿಸಿತು. ಓಡಿ ಬಂದರು. ನಾದಿನಿ ಎಲ್ಲರಿಗಿಂತ ಮುಂದೆ ಬಂದು ಅವಳನ್ನು ಬಾಚಿ ತಬ್ಬಿಕೊಂಡಳು. ಸಿಟ್ಟೆಲ್ಲ ಎಲ್ಲಿ ಹೋಯಿತೋ.

“ಅಳಿ ಅತ್ತಿಗೆ, ಅತ್ತುಬಿಡಿ,” ಅಂದಳು. “ಕೊನೆಗೂ ಅತ್ರಲ್ಲ. ಅಣ್ಣನ ಪುಣ್ಯ.”

ಹೆಂಗಸರೆಲ್ಲ ಸೇರಿ ಅವಳನ್ನು ರಟ್ಟೆ ಹಿಡಿದು ಎತ್ತಿದರು. ದೊಡ್ಡ ಶಿಷ್ಯ ಅಂಗೈ ಉಜ್ಜಿ ಬಿಸಿ ಮಾಡಿಕೊಂಡು ಅವಳ ಬೆನ್ನಿನ ಮೇಲಿಟ್ಟ. ಡಾಕ್ಟರು ಏನೋ ಹೇಳಲು ಬಂದರು. ಈಗ ಮಾತಾಡಬೇಡಿ ಅಂತ ಅವರಿಗೆ ಕಣ್ಸನ್ನೆ ಮಾಡಿದ. ಅವಳು ಕೂಗಿದಷ್ಟೂ ಹೆಂಗಸರು ಅಪ್ಪುಗೆ ಬಿಗಿ ಮಾಡಿದರು. ಬೀಳದ ಹಾಗೆ ನಾಲ್ಕೂ ಕಡೆಯಿಂದ ಭದ್ರವಾಗಿ ಹಿಡಿದು, ಅವಳನ್ನು ಆ ಎಡಗಾಲಿನ ಮೇಲೆಯೇ ನಿಲ್ಲಿಸಿಕೊಂಡರು.